119 ಎಲೆಗಳ ಕಥೆ

ಫೈನಲ್ ಇಯರ್ ಪ್ರಾಜೆಕ್ಟಿಗೆ ನನ್ನ ಕ್ಲಾಸಿನವರೆಲ್ಲ ಸುಮ್ನೆ ಒಂದೊಂದು ದೊಡ್ಡ ಕ್ಯಾನ್ವಾಸ್ ಹಿಡಿದು ಕೂತರು. ನನಗೆ ಮಾತ್ರ ಗಂಜೀಫಾ ಹುಚ್ಚು. ಗೊತ್ತಲ್ವಾ, ಹಳೇ ಕಾಲದ ದುಂಡನೆಯ ಇಸ್ಪೀಟ್ ಎಲೆಗಳು, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಷ್ಟಪಟ್ಟು ಬೆಳೆಸಿದ ಕಲೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದ ಹತ್ತರಲ್ಲಿ ಒಂದರಿಂದ ಹತ್ತರವರೆಗೆ ಚಿಹ್ನೆಗಳು.

ನಾನು ಬುದ್ಧಿವಂತೆ ಅಲ್ವಾ, ಅವತಾರಗಳನ್ನೆಲ್ಲ ಬೆಂಗಳೂರಿಗೆ ಇಳಿಸಿದೆ. ಮತ್ಸ್ಯಕ್ಕೆ ಮಳೆಗಾಲದ ಅಂಡರ್‌ಪಾಸ್. ಕೂರ್ಮಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್. ವರಾಹಕ್ಕೆ ರಸ್ತೆ ಅಗೆಯುವ ಜೆಸಿಬಿ. ಮೂರು ಹೆಜ್ಜೆ ಜಾಗ ಕೇಳಿ ಲೋಕವನ್ನೇ ಅಳೆದ ವಾಮನ ಸೈಟ್ ಬ್ರೋಕರ್ ಆದ. ಕಲ್ಕಿ ಇನ್ನೂ ಬರಬೇಕಾದವನು, ಹಾಗಾಗಿ ಮೆಟ್ರೋ. ಐಡಿಯಾ ಕೇಳಿ ಕ್ಲಾಸೆಲ್ಲ ನಕ್ಕಿತು. ಒಂದರಿಂದ ಹತ್ತು ಕೂಡಿದರೆ 55, ಅಂದರೆ 55 ಜೆಸಿಬಿ ಬಿಡಿಸಬೇಕು, ಹತ್ತೂ ಅವತಾರ ಸೇರಿ 550 ಪುಟ್ಟ ಚಿತ್ರ ಅನ್ನುವ ಲೆಕ್ಕ ನನಗೆ ಹೊಳೆದದ್ದು ಇಪ್ಪತ್ತನೇ ಜೆಸಿಬಿ ಮುಗಿಸುವಾಗ.

ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಅಂಟಿಸುವುದು ಹಳೇ ಪದ್ಧತಿ. ನಾನೂ ಹಾಗೇ ಮಾಡುತ್ತೇನೆಂದು ಹಟ ಹಿಡಿದು ಅಮ್ಮನ ಮಿಕ್ಸಿಗೆ ಹುಣಸೆಬೀಜ ಹಾಕಿದೆ. ಜಾರ್ ಒಂದು ವಿಚಿತ್ರ ಸದ್ದು ಮಾಡಿ ಸುಮ್ಮನಾಯಿತು. ಅಮ್ಮ ಸುಮ್ಮನಾಗಲಿಲ್ಲ. ದುಂಡಗೆ ಕತ್ತರಿಸಲು ಅಳತೆಗೆ ಸಿಕ್ಕಿದ್ದು ಇಂಗಿನ ಡಬ್ಬಿಯ ಮುಚ್ಚಳ, ಹಾಗಾಗಿ ನನ್ನ ಅವತಾರಗಳೆಲ್ಲ ಸಾರಿನ ಒಗ್ಗರಣೆಯಂತೆ ಘಮಘಮ. ಕೊನೆಗೆ ಅರಗಿನ ಲೇಪ ಹಚ್ಚಬೇಕು, ಬಣ್ಣ ಕದಡದಿರಲಿ ಅಂತ. ಅದಕ್ಕೆ ಟೈಮ್ ಸಿಗಲಿಲ್ಲ. ಈ ವಾಕ್ಯ ನೆನಪಿಟ್ಟುಕೊಳ್ಳಿ.

ಸೋಮವಾರ ಪರೀಕ್ಷೆ. ಹಿಂದಿನ ದಿನ ಭಾನುವಾರ ಚಿತ್ರಸಂತೆ. ಜನ ಏನಂತಾರೆ ನೋಡೋಣ ಎಂದು ಕುಮಾರಕೃಪಾ ರಸ್ತೆಯಲ್ಲಿ ಗೆಳತಿಯ ಮೇಜಿನ ಒಂದು ಮೂಲೆ ಕೇಳಿ ಪಡೆದು, 120 ಎಲೆ ಹರಡಿ, ಕಲಾವಿದೆಯ ಗಾಂಭೀರ್ಯದಲ್ಲಿ ಕೂತೆ. ಪಕ್ಕದಲ್ಲಿ ಹತ್ತು ನಿಮಿಷಕ್ಕೆ ಮುಖ ಬರೆದು ಕೊಡುವ ಹುಡುಗನ ಮುಂದೆ ಉದ್ದ ಕ್ಯೂ. ನನ್ನ ಮುಂದೆ ಬಂದವರು ಕ್ಯೂ ಎಲ್ಲಿ ಶುರುವಾಗುತ್ತೆ ಅಂತ ಕೇಳುವವರು.

ಒಬ್ಬರು ಅಜ್ಜಿ, "ಬಿಂದಿ ಸ್ವಲ್ಪ ದೊಡ್ಡದಾಯ್ತಲ್ಲಮ್ಮ" ಅಂದರು. ಒಬ್ಬ ಹುಡುಗ ರಮ್ಮಿ ಆಡಬಹುದಾ ಅಂತ ಕೇಳಿದ. ಸಿಕ್ಕಿದನಲ್ಲ ಅಂತ ಶುರು ಮಾಡಿದೆ: ಹಗಲಲ್ಲಿ ಆಡಿದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ, ಐದು ಅವತಾರಗಳಲ್ಲಿ ಹತ್ತರ ಎಲೆ ದೊಡ್ಡದು, ಉಳಿದ ಐದರಲ್ಲಿ ಒಂದರ ಎಲೆಯೇ ದೊಡ್ಡದು, ಹಾಗಾಗಿ... ತಲೆ ಎತ್ತಿ ನೋಡಿದರೆ ಹುಡುಗ ಚುರುಮುರಿ ಗಾಡಿಯ ಹತ್ತಿರ ಇದ್ದ.

ಮಧ್ಯಾಹ್ನ ಒಬ್ಬರು ಅಂಕಲ್ ಬಂದರು. ನಿಂತು, ಬಗ್ಗಿ, ಒಂದೊಂದನ್ನೂ ನೋಡಿದರು. ನನ್ನ ಎದೆ ಉಬ್ಬಿತು. ಕೈಯಲ್ಲಿದ್ದ ಕಾಫಿಯ ಪೇಪರ್ ಕಪ್ಪನ್ನು ಮೆಲ್ಲಗೆ ಕಲ್ಕಿಯ ರಾಜನ ತಲೆ ಮೇಲಿಟ್ಟು, "ಚೆನ್ನಾಗಿದೆಯಮ್ಮ, ಕರೆಕ್ಟ್ ಸೈಜು. ಆರರ ಸೆಟ್ಟಿಗೆ ಎಷ್ಟು?" ಅಂದರು.

ಇದು ಲೋಟ ಇಡೋದಲ್ಲ ಸರ್, ಗಂಜೀಫಾ ಅಂತ ನಾನು ಒಡೆಯರ ಕಾಲದಿಂದ ಹೇಳುತ್ತಾ ಬಂದೆ. ಪಾಪ, ಪೂರ್ತಿ ಕೇಳಿದರು, "ಒಳ್ಳೇದಾಗಲಿ ಮಗಳೇ" ಅಂದರು, ಕಪ್ ಎತ್ತಿಕೊಂಡು ಜನರ ಮಧ್ಯೆ ಸೇರಿಹೋದರು. ಆಮೇಲೆ ನೋಡುತ್ತೇನೆ, ಮೇಜಿನ ಮೇಲೆ ಕಾಫಿಯ ದುಂಡನೆಯ ಗುರುತು ಮಾತ್ರ ಇದೆ. ಲೇಪವಿಲ್ಲದ ಬಣ್ಣ, ಹುಣಸೆಬೀಜದ ಅಂಟು, ಒದ್ದೆ ಪೇಪರ್ ಕಪ್: ರಾಜ ಕಪ್ಪಿನ ತಳಕ್ಕೆ ಕಚ್ಚಿಕೊಂಡು ಹೊರಟೇ ಹೋಗಿದ್ದ. ಅಂಕಲ್ಲನ್ನು ಹುಡುಕಿ ಶಿವಾನಂದ ಸರ್ಕಲ್ ತನಕ ಓಡಿದೆ. ಆ ಜಾತ್ರೆಯಲ್ಲಿ ಪೇಪರ್ ಕಪ್ ಹಿಡಿದ ಅಂಕಲ್‌ಗಳು ಕಡಿಮೆಯೇ!

ಮಾರನೇ ದಿನ ಪರೀಕ್ಷೆಗೆ ಬಂದ ಸರ್ ಕನ್ನಡಕ ಏರಿಸಿ ಎಣಿಸಿದರು. ಎರಡು ಸಲ.

"ಏನಮ್ಮಾ, ಮೆಟ್ರೋದಲ್ಲಿ ರಾಜನೇ ಇಲ್ಲ?"

"ಇನ್ನೂ ಬಂದಿಲ್ಲ ಸರ್."