ನಾವು ಯಾವ ಗುಂಪಿನವರು?

ಶುಗರ್ ಗಡಿ ಹತ್ತಿರ ಬಂದಿದೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮೇಲಿದೆ. ಸೊಂಟದ ಸುತ್ತಳತೆ ಕೇಳುವುದೇ ಬೇಡ. ಡಾಕ್ಟರು ಚೀಟಿ ಬರೆಯುತ್ತಾರೆ. ಮೊದಲ ಮಾತ್ರೆಗೆ ಹೆಸರಿದೆ, ಎಷ್ಟು ಮಿಲಿಗ್ರಾಂ ಅಂತಿದೆ, ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಎಲ್ಲವೂ ಇದೆ. ಎರಡನೇ ಮಾತ್ರೆಗೂ ಅದೇ ಮರ್ಯಾದೆ. ಕೊನೆಯ ಸಾಲಿಗೆ ಬರುವಾಗ ಪೆನ್ನಿಗೆ ಅವಸರ: ‘ಡಯಟ್, ಎಕ್ಸರ್‌ಸೈಜ್’. ಮಿಲಿಗ್ರಾಂ ಇಲ್ಲ, ಹೊತ್ತಿಲ್ಲ, ಎಲ್ಲಿ ಸಿಗುತ್ತದೆ ಅಂತಲೂ ಇಲ್ಲ. ಎದ್ದು ಬಾಗಿಲ ಹತ್ತಿರ ಹೋದವರಿಗೆ ಬೆನ್ನ ಹಿಂದೆ ಒಂದು ಮಾತು ಕೇಳುತ್ತದೆ, “ಸ್ವಲ್ಪ ವಾಕಿಂಗ್ ಮಾಡಿ.” ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ತಮಾಷೆ ಏನೆಂದರೆ, ಸಕ್ಕರೆ ಕಾಯಿಲೆಯ ಅಂಚಿನಲ್ಲಿ ನಿಂತವರ ಮಟ್ಟಿಗೆ ಆ ಕೊನೆಯ ಸಾಲೇ ಚೀಟಿಯ ಅತಿ ಬಲವಾದ ಔಷಧಿ. ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಅಂತ ಒಂದು ದೊಡ್ಡ ಪ್ರಯೋಗ ನಡೆಯಿತು. 27 ಕೇಂದ್ರಗಳು, 3,234 ಜನ. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್, 850 ಮಿಲಿಗ್ರಾಂ, ದಿನಕ್ಕೆ ಎರಡು. ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ. ಮೂರನೆಯದಕ್ಕೆ ಊಟ ಮತ್ತು ವ್ಯಾಯಾಮ: ಮೈತೂಕದಲ್ಲಿ ಶೇ. 7 ಇಳಿಸಬೇಕು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಮಾಡಬೇಕು. 2002ರಲ್ಲಿ ಫಲಿತಾಂಶ ಅಚ್ಚಾಯಿತು. ಸುಳ್ಳು ಮಾತ್ರೆಯ ಗುಂಪಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್‌ನಿಂದ ಕಾಯಿಲೆ ಶೇ. 31 ಕಡಿಮೆ. ಊಟ-ವ್ಯಾಯಾಮದಿಂದ ಶೇ. 58 ಕಡಿಮೆ. ಉತ್ತರ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪ್ರಯೋಗವನ್ನು ಒಂದು ವರ್ಷ ಮೊದಲೇ ನಿಲ್ಲಿಸಿದರು.

ಸರಿ, ಆ ಮೂರನೇ ಗುಂಪಿನವರಿಗೂ ಬಾಗಿಲ ಹತ್ತಿರ “ಸ್ವಲ್ಪ ವಾಕಿಂಗ್ ಮಾಡಿ” ಅಂದಿದ್ದರಾ? ಇಲ್ಲ. ಒಬ್ಬೊಬ್ಬರಿಗೂ ಒಬ್ಬ ತರಬೇತುದಾರರು. ಮೊದಲ 24 ವಾರಗಳಲ್ಲಿ ಎದುರು ಬದುರು ಕೂತು 16 ಪಾಠ. ತಿಂದದ್ದನ್ನು ಬರೆದಿಡುವುದು ಹೇಗೆ, ಬೇಜಾರಾದಾಗ ತಿನ್ನುವುದನ್ನು ತಡೆಯುವುದು ಹೇಗೆ, ಜಾರಿ ಬಿದ್ದರೆ ಮತ್ತೆ ಏಳುವುದು ಹೇಗೆ, ಇಂಥವೆಲ್ಲ. ಪಾಠ ಮುಗಿದ ಮೇಲೂ ಬಿಡಲಿಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ವಿಚಾರಿಸಿಕೊಂಡರು. ಜೊತೆಯಲ್ಲಿ ನಿಂತು ವ್ಯಾಯಾಮ ಮಾಡಿಸುವ ಏರ್ಪಾಡು ವಾರಕ್ಕೆ ಎರಡು ಸಲ. ಯಾರಾದರೂ ಗುರಿ ಮುಟ್ಟಲಾಗದೆ ಎಲ್ಲೋ ಸಿಕ್ಕಿಹಾಕಿಕೊಂಡರೆ, ಬಿಡಿಸಲು ಬೇಕಾದ ಸಾಮಾನನ್ನೂ ಒದಗಿಸುತ್ತಿದ್ದರು.

ಈಗ ಈ ಎರಡು ಔಷಧಿಗಳು ಪ್ರಯೋಗಶಾಲೆಯಿಂದ ಡಾಕ್ಟರ ಕೋಣೆಗೆ ಬಂದ ಪ್ರಯಾಣ ನೋಡಿ. ಮೆಟ್‌ಫಾರ್ಮಿನ್ 850 ಮಿಲಿಗ್ರಾಂ ಹೊರಟಿತು, 850 ಮಿಲಿಗ್ರಾಂ ಆಗಿಯೇ ಬಂದು ತಲುಪಿತು. ನಿಯಮದ ಮಿತಿಗಿಂತ ಕಡಿಮೆಯಾದರೆ ಕಂಪನಿಗೆ ನೋಟಿಸ್ ಹೋಗುತ್ತದೆ. ಊಟ-ವ್ಯಾಯಾಮವೂ ಅದೇ ದಿನ ಹೊರಟಿತ್ತು. ದಾರಿಯಲ್ಲಿ ತರಬೇತುದಾರರು ಇಳಿದುಹೋದರು, 16 ಪಾಠ ಕಳೆದುಹೋಯಿತು, ತಿಂಗಳ ವಿಚಾರಣೆ ಮಾಯವಾಯಿತು. ಸಿನಿಮಾ ಹೋಗಿ ಪೋಸ್ಟರ್ ಉಳಿದ ಹಾಗೆ ಎರಡು ಪದ ಮಾತ್ರ ಬಂದು ತಲುಪಿದವು. ಇದಕ್ಕೆ ನೋಟಿಸ್ ಯಾರಿಗೂ ಹೋಗಲಿಲ್ಲ. (ಎಲ್ಲ ಕಡೆಯೂ ಹೀಗೇ ಅಂದರೆ ತಪ್ಪಾದೀತು. ಅಮೆರಿಕ 2010ರಲ್ಲಿ, ಇಂಗ್ಲೆಂಡ್ 2016ರಲ್ಲಿ ಇಂಥ ಪಾಠಗಳನ್ನು ಗುಂಪಿನಲ್ಲಿ ಕಲಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದವು. ಉಳಿದ ಜಗತ್ತಿನ ಬಹುಪಾಲಿಗೆ ಪೋಸ್ಟರೇ ಗತಿ.)

ಮೆಡಿಟರೇನಿಯನ್ ಕಡೆಯ ಊಟ ಹೃದಯವನ್ನು ಕಾಪಾಡುತ್ತದೆಯೇ ಅಂತ ನೋಡಿದ ಸ್ಪೇನಿನ ಪ್ರೆಡಿಮೆಡ್ ಪ್ರಯೋಗದ್ದು ಇನ್ನೂ ಚೆಂದ. ಸುಮಾರು 7,400 ಜನರಲ್ಲಿ ಒಂದು ಗುಂಪಿಗೆ ಒಳ್ಳೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ಬಾದಾಮಿ-ಅಕ್ರೋಟು, ಎರಡೂ ಬಿಟ್ಟಿ. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಅನ್ನುವ ಸಲಹೆ. ಒಂದು ಹಳ್ಳಿಯಲ್ಲಿ ಜನ ಜಗಳ ತೆಗೆದರು. ಪಕ್ಕದ ಮನೆಗೆ ಎಣ್ಣೆ, ನಮಗೇಕೆ ಇಲ್ಲ? ಅಲ್ಲಿಯ ಸಂಶೋಧಕರು ಪಾಪ, ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿಬಿಟ್ಟರು. ಚೀಟಿ ಎತ್ತುವ ನಿಯಮ ಮುರಿಯಿತು. 2013ರಲ್ಲಿ ಬಂದ ಪ್ರಬಂಧವನ್ನು 2018ರಲ್ಲಿ ಹಿಂದಕ್ಕೆ ಪಡೆದು, ಲೆಕ್ಕ ಸರಿಮಾಡಿ, ಮತ್ತೆ ಅಚ್ಚು ಹಾಕಬೇಕಾಯಿತು. ವಿಜ್ಞಾನದ ದೃಷ್ಟಿಯಲ್ಲಿ ದೊಡ್ಡ ಎಡವಟ್ಟು, ಒಪ್ಪಿದೆ. ಆದರೆ ಸಲಹೆ ಬೇರೆ, ಎಣ್ಣೆ ಡಬ್ಬಿ ಬೇರೆ ಅಂತ ಆ ಹಳ್ಳಿಯವರಿಗೆ ಗೊತ್ತಿತ್ತು. ಪತ್ರಿಕೆಗಳಿಗೆ ಗೊತ್ತಿರಲಿಲ್ಲ. “ಈ ಊಟ ಮಾಡಿ, ಹೃದಯ ಉಳಿಸಿ” ಅಂತ ಬರೆದವು. ಡಬ್ಬಿ ಯಾರು ಕೊಡುತ್ತಾರೆ ಅಂತ ಬರೆಯಲಿಲ್ಲ.

ಮೂರು ತಿಂಗಳು ಬಿಟ್ಟು ಹೋದರೆ ಶುಗರ್ ಅಲ್ಲೇ ಇರುತ್ತದೆ. ಆಗ ನಡೆಯುವ ಮಾತು ಎಲ್ಲರಿಗೂ ಬಾಯಿಪಾಠ.

“ವಾಕಿಂಗ್ ಮಾಡ್ತಾ ಇದ್ದೀರಾ?”

“ಮಾಡ್ತಾ ಇದ್ದೀನಿ ಡಾಕ್ಟ್ರೇ.”

“ಊಟ?”

“ಕಡಿಮೆ ಮಾಡಿದ್ದೀನಿ.”

ಇಬ್ಬರಿಗೂ ಇದು ಪೂರ್ತಿ ನಿಜ ಅಲ್ಲ ಅಂತ ಗೊತ್ತು. ಸಂಶೋಧಕರಿಗೂ ಗೊತ್ತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದವರನ್ನು 1992ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದರು. ವಿಶೇಷ ಗುರುತಿನ ನೀರು ಕುಡಿಸಿ, ಮೂತ್ರ ಪರೀಕ್ಷಿಸಿದರೆ ದೇಹ ಎಷ್ಟು ಕ್ಯಾಲೊರಿ ಖರ್ಚು ಮಾಡಿದೆ ಅಂತ ತಿಳಿಯುತ್ತದೆ, ಅದರಿಂದ ಎಷ್ಟು ತಿಂದಿರಬೇಕು ಅಂತಲೂ ಲೆಕ್ಕ ಹಾಕಬಹುದು. ನಾಲಿಗೆ ಏನೇ ಹೇಳಲಿ. ಅವರು ತಿಂದದ್ದರಲ್ಲಿ ಸರಾಸರಿ ಶೇ. 47ರಷ್ಟು ಲೆಕ್ಕಕ್ಕೇ ಬಂದಿರಲಿಲ್ಲ, ಓಡಾಡಿದ್ದು ಮಾತ್ರ ಶೇ. 51 ಜಾಸ್ತಿ ಬರೆದಿತ್ತು. ಬೇಕಂತ ಹೇಳಿದ ಸುಳ್ಳೇನಲ್ಲ, ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ಪ್ರಯೋಗದಲ್ಲಿ ಬರೆದಿಡುವುದನ್ನು ಕೂತು ಕಲಿಸುತ್ತಾರೆ. ಹೊರಗೆ ಕಲಿಸುವವರಿಲ್ಲ, ಬೈಯುವವರಿದ್ದಾರೆ. ಮಾತ್ರೆ ಕೆಲಸ ಮಾಡದಿದ್ದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ಉಪದೇಶ ಕೆಲಸ ಮಾಡದಿದ್ದರೆ ರೋಗಿಯದೇ ತಪ್ಪು.

ಈ ವ್ಯವಸ್ಥೆಯಲ್ಲಿ ಎಲ್ಲರಿಗೂ ಸುಖ, ರೋಗಿಯೊಬ್ಬರನ್ನು ಬಿಟ್ಟು. ಕೋಣೆಯ ಹೊರಗೆ ನಲವತ್ತು ಜನ ಕಾಯುತ್ತಿರುವ ಡಾಕ್ಟರಿಗೆ ಸಮಯ ಉಳಿಯಿತು. ಪಾಠಕ್ಕೆ ಹಣ ಕೊಡಬೇಕಾಗಿದ್ದವರಿಗೆ ಹಣ ಉಳಿಯಿತು. ಸಿಹಿ ಮಾರುವವರಿಗಂತೂ ಹಬ್ಬ. ತಪ್ಪು ನಿಮ್ಮ ಕಾಲಿನದು, ಅವರ ಬಾಟಲಿಯದಲ್ಲ. ಇದು ಊಹೆಯಲ್ಲ. ಬೊಜ್ಜಿನ ವಿಷಯದಲ್ಲಿ ಊಟದ ಮೇಲೆ ಇಷ್ಟು ಗಮನ ಬೇಡ, ವ್ಯಾಯಾಮ ಮುಖ್ಯ ಅಂತ ಸಾರುತ್ತಿದ್ದ ‘ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್’ ಎಂಬ ವಿಜ್ಞಾನಿಗಳ ಸಂಸ್ಥೆಗೆ ಕೋಕಾ-ಕೋಲಾ ಕಂಪನಿ 15 ಲಕ್ಷ ಡಾಲರ್ ಕೊಟ್ಟದ್ದು 2015ರಲ್ಲಿ ಬಯಲಾಯಿತು. ಅದೇ ವರ್ಷ ಸಂಸ್ಥೆ ಬಾಗಿಲು ಹಾಕಿತು. ನಮ್ಮ ಕಾಲಿನ ಬಗ್ಗೆ ಅಷ್ಟು ಕಾಳಜಿ ಇದ್ದವರು ಮತ್ತೆ ಸಿಗಲಿಲ್ಲ.

ಪತ್ರಿಕೆಗಳಿಗೂ ಕೆಲಸ ಬೇಕಲ್ವಾ? 2015ರಲ್ಲೇ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕಂತಲೇ ಒಂದು ಕಳಪೆ ಪ್ರಯೋಗ ಮಾಡಿದರು. 15 ಜನ, ಮೂರು ವಾರ, 18 ಅಳತೆ. ಅಷ್ಟು ಅಳತೆಯಲ್ಲಿ ಯಾವುದೋ ಒಂದು ಅದೃಷ್ಟಕ್ಕೆ ಮೇಲೆ ಬರುವ ಸಾಧ್ಯತೆಯೇ ಹೆಚ್ಚು. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಅಂತ ಬಂತು. ಹಲವು ದೇಶಗಳ ಪತ್ರಿಕೆಗಳು ಖುಷಿಯಿಂದ ಅಚ್ಚು ಹಾಕಿದವು. ಎಷ್ಟು ಜನರ ಮೇಲೆ ಪ್ರಯೋಗ ಅಂತ ಕೇಳುವ ಗೋಜಿಗೆ ಹೋಗಲಿಲ್ಲ. 16 ಪಾಠದ ಸುದ್ದಿ ಯಾರಿಗೆ ಬೇಕು ಹೇಳಿ!

ಈಗ ತೂಕ ಇಳಿಸುವ ಸೂಜಿಯ ಕಾಲ. ಸೂಜಿಯ ಬಲ ಸುಳ್ಳಲ್ಲ. ಸೆಮಗ್ಲುಟೈಡ್ ಎಂಬ ಸೂಜಿಮದ್ದಿನ ಪ್ರಯೋಗವೊಂದರಲ್ಲಿ 68 ವಾರಕ್ಕೆ ಸರಾಸರಿ ಶೇ. 14.9 ತೂಕ ಇಳಿಯಿತು. ಸುಳ್ಳು ಸೂಜಿಯವರದು ಶೇ. 2.4. 2021ರಲ್ಲಿ ಬಂದ ಈ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಎರಡೂ ಗುಂಪಿಗೆ ನಾಲ್ಕು ವಾರಕ್ಕೊಮ್ಮೆ ಊಟ-ವ್ಯಾಯಾಮದ ಮಾರ್ಗದರ್ಶನ ಇತ್ತು ಅನ್ನುವುದು ಯಾರ ಬಾಯಲ್ಲೂ ಇಲ್ಲ. ಸೂಜಿ, ಮಾರ್ಗದರ್ಶನ ಎರಡನ್ನೂ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವಾಪಸು ಬಂತು. ಸೂಜಿಯ ಜೊತೆ ಬರುವ ಕಾಗದದಲ್ಲಿ ‘ಕಡಿಮೆ ಕ್ಯಾಲೊರಿಯ ಊಟ, ಹೆಚ್ಚು ವ್ಯಾಯಾಮದ ಜೊತೆಗೆ ಬಳಸಬೇಕು’ ಅಂತ ಇರುತ್ತದೆ. ಔಷಧಿ ಅಂಗಡಿಯಲ್ಲಿ ಸೂಜಿ ಸಿಗುತ್ತದೆ. ‘ಜೊತೆಗೆ’ ಇರುವುದನ್ನು ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ.

2002ರ ಆ ಪ್ರಯೋಗದ ಸುಳ್ಳು ಮಾತ್ರೆಯವರ ಬಗ್ಗೆ ಹೇಳುವುದು ಉಳಿದಿದೆ. ಅವರಿಗೆ ಮಾತ್ರೆಯ ಜೊತೆ ಇನ್ನೊಂದಿಷ್ಟು ಕೊಟ್ಟಿದ್ದರು. ಚೆನ್ನಾಗಿ ತಿನ್ನಿ, ತೂಕ ಇಳಿಸಿ, ಓಡಾಡಿ ಅನ್ನುವ ಒಂದು ಬರಹ, ಮತ್ತು ವರ್ಷಕ್ಕೊಮ್ಮೆ 20ರಿಂದ 30 ನಿಮಿಷ ಕೂರಿಸಿ ಅದೇ ಮಾತು. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಚಿಕಿತ್ಸೆಯೇ ಅಲ್ಲ, ಚಿಕಿತ್ಸೆಯನ್ನು ಅಳೆಯಲು ಇಟ್ಟ ಸೊನ್ನೆ. ಆ ಗುಂಪಿನಲ್ಲಿ ವರ್ಷಕ್ಕೆ ನೂರರಲ್ಲಿ 11 ಜನಕ್ಕೆ ಸಕ್ಕರೆ ಕಾಯಿಲೆ ಬಂತು. ಪಾಠ ಕೇಳಿದವರಲ್ಲಿ 4.8.

ಅಂದರೆ ಪ್ರಯೋಗದಲ್ಲಿ ಯಾವುದು ಸೊನ್ನೆಯೋ, ಹೊರಗೆ ಅದೇ ಚಿಕಿತ್ಸೆ. ಅದೂ ಪೂರ್ತಿ 20 ನಿಮಿಷ ಅಲ್ಲ. ಪ್ರಯೋಗ ನಿಂತ ಮೇಲೆ ಆ ಗುಂಪಿನವರಿಗೆ ನಿಜ ಹೇಳಿ, ನೀವೂ ಬನ್ನಿ ಅಂತ 16 ಪಾಠಕ್ಕೆ ಕರೆದರು. ನಾವು ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕದೆ ಅದೇ ಗುಂಪಿಗೆ ಸೇರಿದ್ದೇವೆ. ಇನ್ನೂ ಯಾರೂ ಕರೆದಿಲ್ಲ. ಅವರಿಗೆ ಕೊನೇಪಕ್ಷ ಸುಳ್ಳು ಮಾತ್ರೆಯಾದರೂ ಬಿಟ್ಟಿ ಸಿಗುತ್ತಿತ್ತು.