ಕೋಚ್ ಒಬ್ಬರ ತಲೆಗೆ ಕಟ್ಟಬೇಡಿ

2023-24ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಹತ್ತನೇ ಸ್ಥಾನಕ್ಕೆ ಕುಸಿದದ್ದಕ್ಕೆ, ಆ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಆಗಿನ ಕೋಚ್ ಸೈಮನ್ ಗ್ರೇಸನ್ ಒಬ್ಬರನ್ನೇ ಹೊಣೆ ಮಾಡಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಇದೇ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದರು, ಮರುವರ್ಷ ತಂಡವನ್ನು ಐಎಸ್‌ಎಲ್ ಫೈನಲ್‌ವರೆಗೆ ಕೊಂಡೊಯ್ದರು. ಆಮೇಲೆ ಡಿಫೆಂಡರ್ ಸಂದೇಶ್ ಜಿಂಗಾನ್, ಸ್ಟ್ರೈಕರ್ ರಾಯ್ ಕೃಷ್ಣ ಇಬ್ಬರೂ ತಂಡ ಬಿಟ್ಟು ಹೊರಟರು. ಅವರಿಗೆ ಸರಿಸಾಟಿಯಾದವರನ್ನು ತರದೆ ಋತು ಆರಂಭಿಸಿದ್ದು ಆಡಳಿತವಲ್ಲದೆ ಮತ್ತ್ಯಾರು?

2023ರ ಡಿಸೆಂಬರ್‌ನಲ್ಲಿ ತವರು ಮೈದಾನ ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0-4 ಸೋಲು. ಮರುದಿನವೇ ಗ್ರೇಸನ್‌ಗೆ ಕೊಕ್. ಹೊಸ ಕೋಚ್ ಆಗಿ ಜೆರಾರ್ಡ್ ಝರಗೋಝಾ ಬಂದರು. ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಮೋಹನ್ ಬಾಗಾನ್ ಎದುರು ಮತ್ತೆ 0-4! ದ್ವಿತೀಯಾರ್ಧದಲ್ಲಿ ಬೆನ್ನುಬೆನ್ನಿಗೆ ಮೂರು ಗೋಲು. ಇಡೀ ಋತು ಇದೇ ಕಥೆ: ನಡುಮೈದಾನದಲ್ಲಿ ಚೆಂಡು ಕೈತಪ್ಪಿದರೆ ಹಿಂದಕ್ಕೆ ಓಡಿ ಬರುವವರೇ ಇಲ್ಲ, ಇಬ್ಬರು ಡಿಫೆಂಡರ್‌ಗಳು ನಾಲ್ವರನ್ನು ತಡೆಯಬೇಕು. ಅಲ್ಲಿ ಝರಗೋಝಾ ಅವರ ತಪ್ಪೂ ಇದೆ, ತಡವಾಗಿ ಮಾಡಿದ ಬದಲಾವಣೆಗಳು ಯಾವುದಕ್ಕೂ ಒದಗಲಿಲ್ಲ.

2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಕ್ಲಬ್ ಇದು. ಆ ಋತುವಿನಲ್ಲೂ 39ರ ಸುನಿಲ್ ಚೆಟ್ರಿಯವರ ಹೆಗಲ ಮೇಲೆಯೇ ಗೋಲಿನ ಭಾರ ಹೊರಿಸಿದ್ದು ನಾಚಿಕೆಗೇಡು. ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಅಭಿಮಾನಿಗಳಿಗೆ ಮಾಲೀಕರು ಎದುರು ಬಂದು ಉತ್ತರ ಕೊಡಲಿ. ಅದರ ಮುಂದಿನ ಋತುವಿಗೆ ಒಬ್ಬ ಗಟ್ಟಿ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್), ಒಬ್ಬ ಸ್ಟ್ರೈಕರ್ ಬೇಕಿತ್ತು. ಜಾಹೀರಾತು ಆಮೇಲೆ ಮಾಡಿಕೊಳ್ಳಬಹುದಿತ್ತು.