ಕಾಫಿ ಸಸಿ ಚೀಲಕ್ಕೆ ಹೊಸ ಪ್ಲಾಸ್ಟಿಕ್: ಕಂಪ್ಯೂಟರ್ ಲೆಕ್ಕ ನೋಡಿ ಆರಿಸಬಹುದೇ?

ಚಿಕ್ಕಮಗಳೂರು ಕಡೆಯ ನರ್ಸರಿಗಳಲ್ಲಿ ಕಾಫಿ ಸಸಿ ಬೆಳೆಯುವುದು 9×6 ಅಂಗುಲದ, 150 ಗೇಜಿನ ಕಪ್ಪು ಪಾಲಿಥೀನ್ ಚೀಲದಲ್ಲಿ. ಮಳೆ ಹಿಡಿದ ಮೇಲೆ ಗುಂಡಿಗೆ ಇಳಿಸುವಾಗ ಚೀಲವನ್ನು ಹರಿದು ತೆಗೆಯಬೇಕು. ಅರ್ಧ ಚೀಲ ತೋಟದಲ್ಲೇ ಉಳಿಯುತ್ತದೆ. ಮಣ್ಣಲ್ಲಿ ಕರಗುವ ಚೀಲ ಬೇಕು ಎಂದಾಗ ಪಿಎಲ್‌ಎ, ಪಿಬಿಎಟಿ ಎಂಬ ಕೊಳೆಯಬಲ್ಲ ಪ್ಲಾಸ್ಟಿಕ್‌ಗಳ ಹೆಸರು ಬರುತ್ತವೆ, ಅವುಗಳ ನೂರಾರು ಮಿಶ್ರಣಗಳೂ ಬರುತ್ತವೆ. ಇಷ್ಟರಲ್ಲಿ ಯಾವುದು ಸರಿ ಎಂದು ರಾಸಾಯನಿಕ ರಚನೆಯಿಂದಲೇ ಲೆಕ್ಕ ಹಾಕಿ ತೀರ್ಮಾನಿಸಬಹುದೇ?

ಪರ: ಮೊದಲು ಜರಡಿ ಹಿಡಿಯಿರಿ

ಪಾಲಿಮರ್ ಅಂದರೆ ಒಂದೇ ಕೊಂಡಿ ಸಾವಿರಾರು ಸಲ ಸೇರಿ ಆದ ಸರ. ಕೊಂಡಿಯ ಗುಣ ತಿಳಿದರೆ ಸರದ ಗುಣ ಬಹುಮಟ್ಟಿಗೆ ಸಿಗುತ್ತದೆ. ಡಚ್ ವಿಜ್ಞಾನಿ ವಾನ್ ಕ್ರೆವೆಲೆನ್ 1970ರ ದಶಕದಲ್ಲಿ ರೂಢಿಗೆ ತಂದ ವಿಧಾನ ತೀರಾ ಸರಳ: ಕೊಂಡಿಯನ್ನು ತುಂಡು ಮಾಡಿ, ತುಂಡಿಗೊಂದು ಅಂಕಿ ಕೊಟ್ಟು, ಕೂಡಿಸುವುದು. ಪ್ಲಾಸ್ಟಿಕ್ ಮೆದುವಾಗುವ ಕಾವನ್ನು ಹೀಗೆ ಹುಡುಕೋಣ. ಥರ್ಮೋಕೋಲ್‌ನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್‌ನಲ್ಲಿ ಎರಡೇ ತುಂಡು. ಮೀಥೈಲೀನ್‌ಗೆ 2.7, ಬೆಂಜೀನ್ ಉಂಗುರ ಹೊತ್ತ ಕಾರ್ಬನ್‌ಗೆ 36. ಮೊತ್ತ 38.7ನ್ನು ಕೊಂಡಿಯ ಮೋಲಾರ್ ತೂಕ 0.104 ಕಿಲೋಗ್ರಾಂನಿಂದ ಭಾಗಿಸಿದರೆ 372 ಕೆಲ್ವಿನ್, ಅಂದರೆ 99 ಡಿಗ್ರಿ ಸೆಲ್ಸಿಯಸ್. ಅಳೆದು ನೋಡಿದರೂ 100ರ ಆಸುಪಾಸೇ. ಇದೇ ಟಿಜಿ, ಅಂದರೆ ಗಾಜಾಗುವ ಕಾವು: ಇದಕ್ಕಿಂತ ಕೆಳಗೆ ಪ್ಲಾಸ್ಟಿಕ್ ಗಾಜಿನಂತೆ ಬಿಗಿ, ಮೇಲೆ ಮೆದು.

ಈ ಒಂದು ಅಂಕಿಯಿಂದಲೇ ಚೀಲದ ಅರ್ಧ ಕಥೆ ಗೊತ್ತಾಗುತ್ತದೆ. ಪಿಎಲ್‌ಎ ಟಿಜಿ ಸುಮಾರು 60 ಡಿಗ್ರಿ. ನರ್ಸರಿಯ ನೆರಳಲ್ಲಿ ಅದು ಬಿಗಿಯಾಗಿಯೇ ಇರುತ್ತದೆ, ಮಡಚಿದ ಕಡೆ ಬಿರುಕು ಬಿಡುತ್ತದೆ. ಸುಮಾರು 58 ಡಿಗ್ರಿ ಕಾವಿರುವ ದೊಡ್ಡ ಕಾಂಪೋಸ್ಟ್ ಗುಡ್ಡೆಯಲ್ಲಿ ಕೊಳೆಯುವ ಪಿಎಲ್‌ಎ ನಮ್ಮ ತಣ್ಣನೆ ಮಣ್ಣಲ್ಲಿ ಬೇಗ ಕರಗದೇ ಇರುವುದಕ್ಕೂ ಇದು ದೊಡ್ಡ ಕಾರಣ. ಬರೀ ಪಿಎಲ್‌ಎ ಚೀಲ ಬೇಡ ಎನ್ನಲು ಒಂದು ಕಿಲೋ ಹರಳೂ (ಕಚ್ಚಾ ಪ್ಲಾಸ್ಟಿಕ್ ಕಾಳು) ತರಿಸಬೇಕಿಲ್ಲ.

ಕೋಷ್ಟಕದಲ್ಲಿ ಇಲ್ಲದ ಹೊಸ ಕೊಂಡಿಯಾದರೆ ಅಣುಚಲನೆಯ ಸಿಮ್ಯುಲೇಷನ್ ಇದೆ. ಅದಕ್ಕೆ ಬೇಕಾದ ಲ್ಯಾಂಪ್ಸ್, ಗ್ರೋಮ್ಯಾಕ್ಸ್ ಎಂಬ ತಂತ್ರಾಂಶಗಳು ಎರಡೂ ಉಚಿತ. 40 ಕೊಂಡಿಗಳ ಸರ ಕಟ್ಟಿ, ಅಂಥ ಇಪ್ಪತ್ತು ಸರಗಳನ್ನು ಒಂದು ಪೆಟ್ಟಿಗೆಗೆ ಸಡಿಲವಾಗಿ ತುಂಬಬೇಕು. ಒಟ್ಟು ಐದರಿಂದ ಹತ್ತು ಸಾವಿರ ಪರಮಾಣು. ಮೊದಲು ಒಂದರ ಮೇಲೊಂದು ಬಿದ್ದ ಪರಮಾಣುಗಳನ್ನು ಬಿಡಿಸಿ, ಆಮೇಲೆ ಕಾವು, ಒತ್ತಡ ಏರಿಸಿ ಇಳಿಸಿ ಸಾಂದ್ರತೆ ಒಂದು ಕಡೆ ನಿಲ್ಲುವ ತನಕ ಕಾಯಬೇಕು. ಅವಸರ ಮಾಡಿದವರು ಎಡವುವುದು ಇಲ್ಲೇ. ಬಳಿಕ 500 ಕೆಲ್ವಿನ್‌ನಿಂದ 200ರವರೆಗೆ 20ರಂತೆ ಇಳಿಸುತ್ತಾ, ಪ್ರತಿ ಮೆಟ್ಟಿಲಲ್ಲಿ 2 ನ್ಯಾನೋಸೆಕೆಂಡ್ ನಿಲ್ಲಿಸಿ, ಸಾಂದ್ರತೆ ಬರೆದುಕೊಳ್ಳುವುದು. ಗ್ರಾಫಿನಲ್ಲಿ ಎರಡು ಗೆರೆ ಸಂಧಿಸುವ ಜಾಗವೇ ಟಿಜಿ. ಗ್ರಾಫಿಕ್ಸ್ ಕಾರ್ಡ್ ಇರುವ ಕಾಲೇಜು ಕಂಪ್ಯೂಟರ್‌ಗೆ ಇದು ಕೆಲವು ದಿನದ ಕೆಲಸ. ಕರೆಂಟಿನ ಭರವಸೆ ಇಲ್ಲದ ಊರಾದ್ದರಿಂದ ಗಂಟೆಗೊಮ್ಮೆ ರೀಸ್ಟಾರ್ಟ್ ಫೈಲ್ ಬರೆಯಲು ಹೇಳಿಟ್ಟರೆ ಸಾಕು.

ಹೀಗೆ ತಣಿಸುವ ವೇಗ ಸೆಕೆಂಡಿಗೆ ಸುಮಾರು ಸಾವಿರ ಕೋಟಿ ಡಿಗ್ರಿ; ಟಿಜಿ ಅಳೆಯುವ ಪ್ರಯೋಗಾಲಯದ ಡಿಎಸ್‌ಸಿ ಯಂತ್ರದಲ್ಲಿ ನಿಮಿಷಕ್ಕೆ 10. ಹಾಗಾಗಿ ಸಿಮ್ಯುಲೇಷನ್ ಟಿಜಿ ಮೇಲಕ್ಕೇ ಬರುತ್ತದೆ. ಹತ್ತುಪಟ್ಟು ವೇಗಕ್ಕೆ ಸುಮಾರು 3 ಡಿಗ್ರಿ ಎಂಬ ರೂಢಿ ಲೆಕ್ಕದಲ್ಲಿ 30ರಷ್ಟು ಕಳೆಯಬೇಕು. ತಪ್ಪು ಯಾವ ಕಡೆಗೆ ಎಂದು ಮೊದಲೇ ಗೊತ್ತಿರುವ ತಕ್ಕಡಿ ಅದು. ಇಪ್ಪತ್ತು ಮಿಶ್ರಣಗಳನ್ನು ಸಾಲಾಗಿ ನಿಲ್ಲಿಸಿ ಮೊದಲ ಮೂರನ್ನು ಆರಿಸಲು ಅಷ್ಟು ಸಾಕು.

ವಿರೋಧ: ಸೂತ್ರದಲ್ಲಿ ಇಲ್ಲದ್ದೇ ಚೀಲವನ್ನು ಹರಿಯುವುದು

ಪಾಲಿಸ್ಟೈರೀನ್ ಲೆಕ್ಕ ಸರಿ ಬಂತೆಂದು ಹಿಗ್ಗುವ ಮೊದಲು ಆ 36 ಎಲ್ಲಿಂದ ಬಂತೆಂದು ಕೇಳಬೇಕು. ಅಳೆದ ಟಿಜಿಗಳಿಂದಲೇ ಹೆಕ್ಕಿದ ಅಂಕಿ ಅದು. ನಾವೇ ಕೊಟ್ಟ ಸಾಲವನ್ನು ಲಾಭವೆಂದು ಬರೆದುಕೊಂಡ ಹಾಗಾಯಿತು. ಯಂತ್ರಕಲಿಕೆಯ (ಮಷೀನ್ ಲರ್ನಿಂಗ್) ಮಾದರಿಗಳಲ್ಲೂ ಇದೇ ತೊಡಕು: ಒಂದೇ ಪಾಲಿಮರ್‌ನ ಬೇರೆ ಬೇರೆ ಅಳತೆಗಳು ಕಲಿಕೆಯ ಪಟ್ಟಿಯಲ್ಲೂ ಪರೀಕ್ಷೆಯ ಪಟ್ಟಿಯಲ್ಲೂ ಕೂತುಬಿಟ್ಟರೆ ಅಂಕ ನೂರಕ್ಕೆ ತೊಂಬತ್ತೈದು ಬರುತ್ತದೆ, ಹೊಸ ಕೊಂಡಿ ಎದುರಾದಾಗ ಮುಗ್ಗರಿಸುತ್ತದೆ.

ಕೊಂಡಿ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಆಗಬೇಕಿಲ್ಲ. ಇಂದಿನ ಕಪ್ಪು ಚೀಲವನ್ನೇ ನೋಡಿ. ಪಾಲಿಥೀನ್‌ನ ಎರಡು ಬಗೆಗಳಲ್ಲಿ ಎಲ್‌ಡಿಪಿಇ 110 ಡಿಗ್ರಿ ಸುಮಾರಿಗೆ ಕರಗುತ್ತದೆ, ಎಚ್‌ಡಿಪಿಇ 130ಕ್ಕೆ. ಎರಡಕ್ಕೂ ಕೊಂಡಿ ಎಥಿಲೀನೇ, ವ್ಯತ್ಯಾಸ ಕವಲುಗಳದ್ದು. ಅಕ್ರಿಲಿಕ್ ಗಾಜು ಎನ್ನುವ ಪಿಎಂಎಂಎಯಲ್ಲಿ ಪಕ್ಕದ ಗುಂಪುಗಳೆಲ್ಲ ಒಂದೇ ಕಡೆಗಿದ್ದರೆ ಟಿಜಿ 50ರ ಹತ್ತಿರ, ಆಚೆ-ಈಚೆ ಇದ್ದರೆ 125ರ ಮೇಲೆ. ಕೊಂಡಿಯನ್ನಷ್ಟೇ ಬರೆದುಕೊಟ್ಟರೆ ಲೆಕ್ಕಕ್ಕೆ ಈ ಭೇದ ಗೊತ್ತೇ ಆಗದು.

ಇನ್ನು ಮಿಶ್ರಣ. ಪಿಎಲ್‌ಎ ಬಿಗಿತ ತಗ್ಗಿಸಲು ಪಿಬಿಎಟಿ ಬೆರೆಸುತ್ತಾರೆ. ಅದರ ಟಿಜಿ ಸೊನ್ನೆಗಿಂತ 30 ಕೆಳಗೆ. 30 ಭಾಗ ಪಿಎಲ್‌ಎ, 70 ಭಾಗ ಪಿಬಿಎಟಿ ಎಂದು, ಮಿಶ್ರಣದ ಟಿಜಿ ಅಂದಾಜಿಸುವ ಫಾಕ್ಸ್ ಸೂತ್ರಕ್ಕೆ ಹಾಕಿದರೆ ಮೈನಸ್ 9 ಡಿಗ್ರಿ ಎಂಬ ಮುದ್ದಾದ ಉತ್ತರ. ವಾಸ್ತವದಲ್ಲಿ ಇವೆರಡೂ ಎಣ್ಣೆ-ನೀರಿನ ಜಾತಿ: ಡಿಎಸ್‌ಸಿಯಲ್ಲಿ ಎರಡು ಟಿಜಿ ಬೇರೆ ಬೇರೆಯಾಗಿ ಕಾಣುತ್ತವೆ. ಸೇರುತ್ತವೋ ಇಲ್ಲವೋ ಎಂಬುದನ್ನೂ ಲೆಕ್ಕ ಹಾಕಬಹುದಲ್ಲ ಎಂಬ ವಾದವಿದೆ. ಹಾಕಿ ನೋಡೋಣ. ಸಾವಿರ ಕೊಂಡಿಗಳ ಸರಗಳು ಬೆರೆಯಬೇಕಾದರೆ ಅವುಗಳ ನಡುವಿನ ಒಗ್ಗದಿಕೆ ಅಳೆಯುವ ಕೈ (ಗ್ರೀಕ್ ಅಕ್ಷರ χ) ಎಂಬ ಅಂಕಿ 0.002ಕ್ಕಿಂತ ಕಡಿಮೆ ಇರಬೇಕು. ಅಂದರೆ ಎರಡರ ದ್ರಾವ್ಯತಾ ಅಂಕಿಗಳ ನಡುವೆ ಸುಮಾರು 0.2ಕ್ಕಿಂತ ಹೆಚ್ಚು ಅಂತರ ಸಲ್ಲದು. ತುಂಡು ಕೂಡಿಸುವ ವಿಧಾನದಲ್ಲಿ ತಪ್ಪೇ 1ರಿಂದ 2. ಕಾಫಿ ಚೀಲ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ವೇಗಕ್ಕೆ 30 ಡಿಗ್ರಿ ಕಳೆಯುವ ಉಪಾಯವೂ ಅಷ್ಟಕ್ಕಷ್ಟೇ; ಹತ್ತುಪಟ್ಟಿಗೆ 3 ಎಂಬುದು ವೇಗ ಹನ್ನೊಂದು ಸಲ ಹತ್ತುಪಟ್ಟಾಗುವವರೆಗೂ ಬದಲಾಗದೆ ಉಳಿಯುವ ಅಂಕಿಯಲ್ಲ.

ಕಂಪ್ಯೂಟರ್‌ಗೆ ಕಾಣದ ದೊಡ್ಡ ಶತ್ರು ಮಲೆನಾಡಿನ ಗಾಳಿ. ಪಿಎಲ್‌ಎ ಹರಳಿನಲ್ಲಿ ತೇವ 0.025 ಶೇಕಡಾಗಿಂತ ಕಡಿಮೆ ಇರಬೇಕು. ಜುಲೈನಲ್ಲಿ ಬಾಯಿ ಬಿಚ್ಚಿಟ್ಟ ಮೂಟೆ ಈ ಮಿತಿ ದಾಟಲು ಹೆಚ್ಚು ಹೊತ್ತು ಬೇಡ. ಆ ತೇವ, ಪ್ಲಾಸ್ಟಿಕ್ ಕರಗಿಸಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರದ 190 ಡಿಗ್ರಿಯಲ್ಲಿ ಸರಗಳನ್ನೇ ಕತ್ತರಿಸುತ್ತದೆ. ಕರಗಿದ ಪ್ಲಾಸ್ಟಿಕ್ ನೀರುನೀರಾಗಿ, ಊದಿದ ಗುಳ್ಳೆ ನಿಲ್ಲದೆ, ಫಿಲ್ಮ್ ಕೈಯಲ್ಲೇ ಹರಿಯುತ್ತದೆ. ಒಣಗಿಸೋಣ ಎಂದು, ಒಳಗಿನ ಸರಗಳು ಸಾಲಾಗಿ ಜೋಡಿಯಾಗದ ಮಾಲನ್ನು ನೇರ 80 ಡಿಗ್ರಿಗೆ ಹಾಕಿದರೋ, ಟಿಜಿ ದಾಟಿದ್ದರಿಂದ ಒಂದಕ್ಕೊಂದು ಅಂಟಿ ಹಾಪರ್‌ನಲ್ಲಿ (ಯಂತ್ರಕ್ಕೆ ಮಾಲು ಸುರಿಯುವ ಬುಟ್ಟಿ) ಗಟ್ಟಿ ಮುದ್ದೆ. ಕಂಪ್ಯೂಟರ್‌ನೊಳಗಿನ ಸರ ಮಾತ್ರ ಉದ್ದಕ್ಕೂ ಅಖಂಡ.

ಚೀಲ ಬಾಳಬೇಕಾದದ್ದು ಫೆಬ್ರುವರಿಯಿಂದ ಜೂನ್ ಮುಗಿಯುವ ತನಕ, ಐದು ತಿಂಗಳು. ದಿನವೂ ನೀರು, ಒಳಗೆ 6:2:1ರಂತೆ ಕಾಡು ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು. ಗೊಬ್ಬರದ ಸೂಕ್ಷ್ಮಜೀವಿಗಳಿಗೆ ಯಾವ ಕೋಷ್ಟಕದಲ್ಲೂ ಅಂಕಿ ಇಲ್ಲ. ಆದ್ದರಿಂದ ಇಪ್ಪತ್ತು ಚೀಲ ತುಂಬಿಸಿ ನರ್ಸರಿ ಮೂಲೆಯಲ್ಲಿಡಿ. ಹದಿನೈದು ದಿನಕ್ಕೊಮ್ಮೆ ಎರಡನ್ನು ಖಾಲಿ ಮಾಡಿ, ತಳದ ಸೀಲನ್ನು ಸೇರಿಸಿ 15 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ ತೂಕ ಕಟ್ಟಿ ಎಳೆಯಿರಿ. ಮೊದಲು ಬಿಡುವುದು ಹೆಚ್ಚಾಗಿ ಆ ಸೀಲೇ.